ಗೋಕಾಕದ ಊಟಕ್ಕೂ ಒಂದು ಚರಿತ್ರೆ ಇದೆ, ಬರೆಯುವವರು ಯಾರು?

ಗೋಕಾಕಕ್ಕೆ ಬಂದವರು ಕರದಂಟು ಕಟ್ಟಿಸಿಕೊಳ್ಳದೆ ಹೋಗುವುದು ಕಡಿಮೆ. ಫಾಲ್ಸ್ ನೋಡಲು ಬಂದವರಿರಲಿ, ಮದುವೆಗೆ ಬಂದವರಿರಲಿ, ಕಚೇರಿ ಕೆಲಸಕ್ಕೆ ಬಂದವರಿರಲಿ, ಬಸ್ ಹತ್ತುವ ಮೊದಲು ಅರ್ಧ ಕೆಜಿಯ ಡಬ್ಬಿ ಕೈಯಲ್ಲಿರುತ್ತದೆ. ಬೆಂಗಳೂರಲ್ಲೋ ಪುಣೆಯಲ್ಲೋ ಆ ಡಬ್ಬಿ ಬಿಚ್ಚಿದಾಗ 'ಇದು ನಮ್ಮ ಊರಿನದು' ಎಂದು ಹೇಳುವುದರಲ್ಲಿ ನಮಗೊಂದು ಹೆಮ್ಮೆ.

ಆದರೆ ಆ ಡಬ್ಬಿಯೊಳಗೆ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡಿ. ಅಂಟು, ಬೆಲ್ಲ, ತುಪ್ಪ, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಗಸಗಸೆ, ಏಲಕ್ಕಿ, ಜಾಜಿಕಾಯಿ. ಇದರಲ್ಲಿ ಬೆಲ್ಲ ಮತ್ತು ತುಪ್ಪ ನಮ್ಮ ಹೊಲ, ನಮ್ಮ ಕೊಟ್ಟಿಗೆಯವು. ಉಳಿದ ಬಹುಪಾಲು ಘಟ್ಟ ಇಳಿದು, ಕಡಲು ದಾಟಿ ಬಂದವು. ಹಾಗಾದರೆ ಗೋಕಾಕದ್ದು ಎನ್ನುವುದು ಇದರಲ್ಲಿ ಯಾವುದು? ಈ ಪ್ರಶ್ನೆ ಹಿಡಿದು ಹೊರಟರೆ ಗಿರಣಿ, ಕಾಲುವೆ, ಬರಗಾಲ, ಬಾಣಂತಿ ಕೋಣೆ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ. ಊಟದ ಚರಿತ್ರೆ ಎಂದರೆ ಇದೇ. ಅದನ್ನು ಕೂಡಿ ಓದುವ, ಕೂಡಿ ಬರೆಯುವ ಒಂದು ಕೂಟ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಬೇಕು ಎಂಬುದು ನಮ್ಮ ಮಾತು. ಯಾಕೆ ಬೇಕು ಎಂದು ಹೇಳಲು ಎರಡೇ ಪದಾರ್ಥಗಳನ್ನು ಹಿಡಿದು ನೋಡೋಣ. ಒಂದು ಕರದಂಟು, ಇನ್ನೊಂದು ಜೋಳ.

ಬಾಣಂತಿ ಕೋಣೆಯಿಂದ ಅಂಗಡಿಗೆ

ಕರದಂಟು ಎಂದರೆ ಕರಿದ ಅಂಟು. ಜಾಲಿ, ದಿಂಡಿಗದಂಥ ಮರಗಳ ತೊಗಟೆಗೆ ಗಾಯವಾದಾಗ ಒಸರುವ ರಸ ಬಿಸಿಲಿಗೆ ಗಟ್ಟಿಯಾಗಿ ಹರಳಾಗುತ್ತದೆ. ಅದನ್ನು ಬಿಡಿಸಿ ತಂದು, ಕಸ ಆರಿಸಿ, ಒಣಗಿಸಿ ಮಾರುತ್ತಾರೆ. ಆ ಹರಳನ್ನು ಕಾದ ತುಪ್ಪಕ್ಕೆ ಬಿಟ್ಟರೆ ಜೋಳದ ಅಳ್ಳಿನಂತೆ ಅರಳುತ್ತದೆ. ಬಳಿಕ ಬೆಲ್ಲದ ಪಾಕ, ಹೆಚ್ಚಿದ ಉತ್ತತ್ತಿ, ಕೊಬ್ಬರಿ ಎಲ್ಲ ಸೇರಿಸಿ ತಟ್ಟೆಗೆ ಹರವಿ ಕೊಯ್ಯುತ್ತಾರೆ. ಪಾಕ ಒಂದು ಹದ ಹೆಚ್ಚಾದರೆ ಕಲ್ಲು, ಒಂದು ಹದ ಕಡಿಮೆಯಾದರೆ ಜಿಗಟು.

ಇದೇ ಪದಾರ್ಥಗಳನ್ನು ಕೈಯಲ್ಲಿ ಉಂಡೆ ಕಟ್ಟಿದರೆ ಅದು ಅಂಟಿನ ಉಂಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೆರಿಗೆಯಾದ ಹೆಣ್ಣುಮಕ್ಕಳಿಗೆ ತವರಿನವರು ಮಾಡಿ ಕೊಡುವುದು ಇದನ್ನೇ. ಸೊಂಟಕ್ಕೆ ಬಲ ಬರಲಿ, ಎದೆಹಾಲು ಬರಲಿ ಎಂದು. ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿಗಳ ಸಾಲಿನಲ್ಲಿ ಅನುಕೂಲವಿದ್ದ ಮನೆಗಳಲ್ಲಿ ಅಂಟಿನ ಉಂಡಿಯೂ ಇರುತ್ತದೆ. ಪಕ್ಕದ ಮಹಾರಾಷ್ಟ್ರದಲ್ಲಿ ಇದರ ಸೋದರನಿಗೆ ಡಿಂಕಾಚೆ ಲಾಡು ಎನ್ನುತ್ತಾರೆ, ಅಲ್ಲಿಯೂ ಅದು ಬಾಣಂತಿಯರ ತಿನಿಸೇ.

ಹೀಗೆ ನೋಡಿದರೆ ಕರದಂಟಿನ ಹಿಂದೆ ಮನೆಯ ಹೆಂಗಸರ ತಿಳಿವಳಿಕೆ ಇದೆ. ಯಾವ ಅಂಟು ಒಳ್ಳೆಯದು, ಎಷ್ಟು ತುಪ್ಪ ಬೇಕು, ಪಾಕ ಯಾವಾಗ ಇಳಿಸಬೇಕು ಎನ್ನುವುದನ್ನು ಸೂಲಗಿತ್ತಿಯರು, ಅಜ್ಜಿಯರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಉಂಡೆಯಾಗಿದ್ದದ್ದು ಅಂಗಡಿಯಲ್ಲಿ ತುಂಡಾಯಿತು, ಔಷಧದಂತಿದ್ದದ್ದು ಉಡುಗೊರೆಯಾಯಿತು. ಅಂಗಡಿಯ ಹೆಸರು ಫಲಕದ ಮೇಲೆ ಉಳಿಯಿತು, ಅಡಿಗೆಮನೆಯ ಹೆಸರು ಉಳಿಯಲಿಲ್ಲ. ಇದು ಗೋಕಾಕದ ಕತೆ ಮಾತ್ರವಲ್ಲ. ಬಾಗಲಕೋಟೆ ಜಿಲ್ಲೆಯ ಅಮೀನಗಡವೂ ಕರದಂಟಿಗೆ ಹೆಸರಾದ ಊರು. 'ಯಾರದ್ದು ಅಸಲಿ' ಎಂದು ಎರಡೂ ಕಡೆಯವರು ಜಗಳವಾಡುವುದಕ್ಕಿಂತ, ಎರಡೂ ಊರಿನ ಅಡಿಗೆಮನೆಗಳಲ್ಲಿ ಇದಕ್ಕೆ ಮೂಲವಾದ ಉಂಡಿ ಇತ್ತು ಎಂದು ಕಾಣುವುದು ಹೆಚ್ಚು ಉಪಯೋಗದ ಮಾತು.

ಡಬ್ಬಿಯೊಳಗಿನ ದಾರಿಗಳು

ಈಗ ಉಳಿದ ಪದಾರ್ಥಗಳಿಗೆ ಬರೋಣ. ದಿಂಡಿಗದ ಅಂಟಿಗೆ ವ್ಯಾಪಾರದ ಭಾಷೆಯಲ್ಲಿ 'ಘಟ್ಟಿ' ಎಂಬ ಹೆಸರಿದೆ. ಘಟ್ಟದ ದಾರಿಗಳಲ್ಲಿ ಸಾಗಿ ಬಂದದ್ದರಿಂದ ಆ ಹೆಸರು ಎನ್ನುತ್ತಾರೆ. ಅಂಟು ಬಿಡಿಸುವವರು ಕಾಡಂಚಿನ ಬಡವರು. ಅವರಿಗೆ ಅದು ತಿನಿಸಲ್ಲ, ಬೇಸಿಗೆಯ ಕೂಲಿ. ಉತ್ತತ್ತಿ ಅರಬರ ನಾಡಿನ ಖರ್ಜೂರ. ಬದಾಮಿಯ ತವರು ಪಶ್ಚಿಮ ಏಷ್ಯಾ. ಜಾಜಿಕಾಯಿ ಇಂಡೋನೇಷ್ಯಾದ ಬಾಂದಾ ದ್ವೀಪಗಳಿಂದ ಜಗತ್ತಿಗೆಲ್ಲ ಹೋದದ್ದು. ಗೋಡಂಬಿ ಬ್ರೆಜಿಲಿನ ಗಿಡ, 16ನೇ ಶತಮಾನದಲ್ಲಿ ಪೋರ್ತುಗೀಸರು ತಂದು ನಮ್ಮ ಪಡುವಣ ಕರಾವಳಿಯಲ್ಲಿ ನೆಟ್ಟರು. ಗೋವಾ ನಮಗೆ ದೂರವಲ್ಲ. ಘಟ್ಟ ಹತ್ತಿದರೆ ಬೆಳಗಾವಿ, ಅಲ್ಲಿಂದ ಹುಕ್ಕೇರಿ, ಗೋಕಾಕ.

ಈ ಸಾಮಾನುಗಳು ಸುಲಭವಾಗಿ, ಅಗ್ಗವಾಗಿ ಊರಿಗೆ ಬರಲು ದಾರಿ ಬೇಕು, ಕೊಳ್ಳುವವರ ಕೈಯಲ್ಲಿ ರೊಕ್ಕ ಬೇಕು. 1880ರ ದಶಕದಲ್ಲಿ ಎರಡೂ ನಮ್ಮ ಭಾಗಕ್ಕೆ ಬಂದವು. ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಜಾಗದಲ್ಲಿ 1887ರಲ್ಲಿ ನೂಲಿನ ಗಿರಣಿ ಶುರುವಾಯಿತು. ಬೀಳುವ ನೀರಿನ ಬಲದಿಂದಲೇ ಅದರ ಯಂತ್ರಗಳು ತಿರುಗಿದವು. ಅದೇ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿಯ ಮೂಲಕ ಹಾಯ್ದು, 1890ರ ಹೊತ್ತಿಗೆ ಪುಣೆಯನ್ನು ಮುಟ್ಟಿತು. ಗೋಕಾಕ ರೋಡ್ ಎಂಬ ನಿಲ್ದಾಣದ ಹೆಸರು ಈಗಲೂ ಆ ಕಾಲವನ್ನು ನೆನಪಿಸುತ್ತದೆ. ಕಾಳಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ಹಳ್ಳಿಗಳ ನಡುವೆ ರೊಕ್ಕದ ಪಗಾರ ಪಡೆಯುವ ಗಿರಣಿ ಕಾರ್ಮಿಕರು ಹುಟ್ಟಿಕೊಂಡರು. ಪೇಟೆಯ ಸಿಹಿತಿಂಡಿ ಎನ್ನುವುದು ಇಂಥ ಪೇಟೆ ಇದ್ದಲ್ಲಿ ಮಾತ್ರ ಬೆಳೆಯುತ್ತದೆ. ಹೆರಿಗೆಗೊಮ್ಮೆ ಹಬ್ಬಕ್ಕೊಮ್ಮೆ ಮಾಡುತ್ತಿದ್ದದ್ದನ್ನು ದಿನವೂ ಕೊಳ್ಳುವ ಗಿರಾಕಿ ಬೇಕಲ್ಲ.

ಕಬ್ಬು ಬಂತು, ಜೋಳ ಸರಿಯಿತು

ಕರದಂಟಿನ ಬೆಲ್ಲದ ಹಿಂದೆ ನೀರಿನ ಕತೆ ಇದೆ. ಗೋಕಾಕ ಫಾಲ್ಸ್‌ಗಿಂತ ಮೇಲೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ, 1897ರ ಹೊತ್ತಿಗೆ ಎಡದಂಡೆ ಕಾಲುವೆಗೆ ನೀರು ಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಎದ್ದಿತು, ಅದರ ಸಾಮರ್ಥ್ಯ 51 ಟಿಎಂಸಿ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು, ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ. ಇವತ್ತು ರಾಜ್ಯದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವ ಜಿಲ್ಲೆ ನಮ್ಮದು. ಮೂಡಲಗಿಯ ಆಚೆ ಮಹಾಲಿಂಗಪುರದ ಬೆಲ್ಲದ ಪೇಟೆ ದೂರದೂರಿಗೂ ಗೊತ್ತು.

ಕಬ್ಬಿನಿಂದ ಬಂದ ಒಳಿತನ್ನು ಅಲ್ಲಗಳೆಯಲಾಗದು. ಮಕ್ಕಳ ಶಾಲೆ, ಹೆಣ್ಣುಮಕ್ಕಳ ಮದುವೆ, ಸಿಮೆಂಟಿನ ಮನೆ ಎಲ್ಲ ಕಬ್ಬಿನ ಬಿಲ್ಲಿನ ಮೇಲೆ ನಿಂತಿವೆ. ನಮ್ಮಲ್ಲೇ ಹಲವರು ಓದಿದ್ದು ಆ ರೊಕ್ಕದಲ್ಲಿ. ಆದರೆ ಕಬ್ಬು ಹತ್ತು ಹನ್ನೆರಡು ತಿಂಗಳು ಹೊಲವನ್ನು ಹಿಡಿದು ಕೂರುವ ಬೆಳೆ. ಅದು ಬಂದಲ್ಲಿ ಹಿಂಗಾರಿ ಜೋಳಕ್ಕೆ ಜಾಗವಿಲ್ಲ. ಜೋಳವಿಲ್ಲದಿದ್ದರೆ ಅದರ ಸಾಲಿನ ನಡುವೆ ಬೆಳೆಯುತ್ತಿದ್ದ ಕಡಲೆ, ಕುಸುಬೆ, ಅಗಸಿಯೂ ಇಲ್ಲ. ಕುಸುಬೆ ಇಲ್ಲದಿದ್ದರೆ ಗಾಣದ ಕುಸುಬಿ ಎಣ್ಣೆ ಇಲ್ಲ, ಅಗಸಿ ಇಲ್ಲದಿದ್ದರೆ ಅಗಸಿ ಹಿಂಡಿ ಇಲ್ಲ. ಜೋಳ ಹಾಲುಗಾಳು ಕಟ್ಟಿದಾಗ ತೆನೆ ಸುಟ್ಟು, ತಿಕ್ಕಿ, ಬೆಲ್ಲ ಕೊಬ್ಬರಿ ಹಚ್ಚಿ ತಿನ್ನುವ ಸೀತನಿಯೂ ಇಲ್ಲ. ಸೀತನಿ ಅಂಗಡಿಯಲ್ಲಿ ಸಿಗುವ ತಿನಿಸಲ್ಲ. ಅದಕ್ಕೆ ಸ್ವಂತ ಹೊಲ ಅಥವಾ ಹೊಲವಿದ್ದ ಗೆಳೆಯ ಬೇಕು. ಒಂದು ಬೆಳೆ ಸರಿದರೆ ಅದರ ಜೊತೆಗೆ ಹತ್ತು ಊಟ ಸರಿಯುತ್ತವೆ ಎನ್ನುವುದಕ್ಕೆ ನಮ್ಮ ಕಾಲುವೆ ಹಳ್ಳಿಗಳೇ ಸಾಕ್ಷಿ.

ರೊಟ್ಟಿ ನಮ್ಮ ತಟ್ಟೆಯಿಂದ ಹೋಗಿಲ್ಲ ನಿಜ. ಆದರೆ ಕಾಲುವೆ ಹಳ್ಳಿಯ ಎಷ್ಟೋ ಮನೆಗಳಲ್ಲಿ ಜೋಳ ಈಗ ಸಂತೆಯಿಂದ ಬರುತ್ತದೆ. ಬೆಳೆದು ತಿನ್ನುವುದಕ್ಕೂ ಕೊಂಡು ತಿನ್ನುವುದಕ್ಕೂ ಇರುವ ಅಂತರ ಬರ ಬಂದಾಗ ತಿಳಿಯುತ್ತದೆ.

ಹಗೇವು ಮತ್ತು ಬರ

ಈ ನೆಲ ಬರವನ್ನು ಕಂಡಿದೆ. 1791–92ರ ಬರಕ್ಕೆ ಡೋಜಿ ಬರ ಎಂದರು, ತಲೆಬುರುಡೆಗಳ ಬರ ಎಂದು ಅರ್ಥ. ಸತ್ತವರನ್ನು ಹೂಳುವವರೂ ಇಲ್ಲದೆ ಎಲುಬುಗಳು ಬಯಲಲ್ಲಿ ಬಿದ್ದಿದ್ದವು. 1876–78ರ ಬರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು.

ಬರ ಎದುರಿಸಲು ರೈತರ ಬಳಿ ಇದ್ದ ಉಪಾಯ ಹಗೇವು. ನೆಲದಲ್ಲಿ ಆಳದ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣೆಳೆದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೇ ಒಳಗಿಳಿಯುವಂತಿಲ್ಲ, ಕೆಟ್ಟ ಗಾಳಿ ಹೋಗಲು ಬಿಡಬೇಕು ಎಂಬುದು ಊರವರಿಗೆಲ್ಲ ಗೊತ್ತಿದ್ದ ಮಾತು. ಆದರೆ ಹಗೇವು ತುಂಬಲು ಕಾಳು ಉಳಿಯಬೇಕು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಮುಂಬಯಿ ಪ್ರಾಂತದಲ್ಲಿ ಹತ್ತಿಯ ಬೆಲೆ ಏರಿತು. ಧಾರವಾಡ, ಬೆಳಗಾವಿ ಕಡೆಯ ಕಪ್ಪು ಹೊಲಗಳಲ್ಲಿ ಹತ್ತಿ ಹರಡಿತು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು, ಸಾಲ ಮಾತ್ರ ಉಳಿಯಿತು. ಅದಾಗಿ ಹತ್ತು ವರ್ಷಕ್ಕೆ ಮಳೆ ಕೈಕೊಟ್ಟಿತು.

ಬರದ ಕಾಮಗಾರಿಗಳಲ್ಲಿ ದುಡಿಯುವವರಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ, ಧಾನ್ಯ ಕೊಳ್ಳುವಷ್ಟು ಕೂಲಿ ಸಾಕು ಎಂದು ಸೂಚಿಸಿದವರು ರಿಚರ್ಡ್ ಟೆಂಪಲ್. 1877ರಲ್ಲಿ ಅವರೇ ಮುಂಬಯಿ ಪ್ರಾಂತದ ಗವರ್ನರ್ ಆದರು. ಕಲ್ಲು ಒಡೆಯುವವನಿಗೆ ಇದು ಸಾಲದು ಎಂದು ಮದ್ರಾಸ್ ಸರಕಾರದ ಆರೋಗ್ಯಾಧಿಕಾರಿ ಕಾರ್ನಿಶ್ ವಾದಿಸಿದರು. ಒಂದು ಹೊಟ್ಟೆಗೆ ಎಷ್ಟು ಬೇಕು ಎಂಬ ಲೆಕ್ಕ ಕಡತಗಳ ಮೇಲೆ ನಡೆಯಿತು. ಕಲ್ಲು ಹೊತ್ತವರು ಏನು ತಿಂದು ಬದುಕಿದರು, ಯಾವ ಬೇರು, ಯಾವ ಸೊಪ್ಪು, ಯಾವ ಕಾಡುಕಾಳು ಎಂಬುದು ಕಡತದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಅಜ್ಜಿಯರ ಬಾಯಲ್ಲಿ ಉಳಿದ ಮಾತುಗಳಲ್ಲಿ ಸಿಗುತ್ತದೆ. ಮಕ್ಕಳು ತಟ್ಟೆಯಲ್ಲಿ ರೊಟ್ಟಿ ಬಿಟ್ಟಾಗ ಹಿರಿಯರು ಬೈಯುತ್ತಿದ್ದ ಬೈಗುಳದ ಹಿಂದೆ ಈ ಹಸಿವು ಇದೆ.

ಅನ್ನದ ಋಣ ಎನ್ನುವುದಕ್ಕೆ ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಪದವಿದೆ. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕು ಎಂಬ ಕಟ್ಟು ಅದು. 10ನೇ ಶತಮಾನದ ಪಂಪನ ಕಾಲದ ಭಾಷೆಯಲ್ಲಿ ಅಕ್ಕಿಯ ಋಣವಲ್ಲ, ಜೋಳದ ಋಣ. ಸಾವಿರ ವರ್ಷದ ಹಿಂದೆ ಈ ನಾಡಿನಲ್ಲಿ ಯಾವ ಕಾಳಿಗೆ ತೂಕವಿತ್ತು ಎಂದು ಈ ಒಂದು ಪದವೇ ಹೇಳುತ್ತದೆ.

ಯಾರ ಊಟ ಪುಸ್ತಕಕ್ಕೆ ಬಂತು?

ಕನ್ನಡ ನಾಡಿನಲ್ಲಿ ಅಡಿಗೆಯ ಬಗ್ಗೆ ಬರೆದವರಿಗೆ ಕೊರತೆ ಇಲ್ಲ. 1025ರ ಹೊತ್ತಿಗೆ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡುವುದು, ಗಿಡಗಳ ರೋಗ, ದನಗಳ ಮದ್ದಿನ ಜೊತೆ ಅಡಿಗೆಗೂ ಒಂದು ಅಧ್ಯಾಯವಿದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಊಟದ ವಿವರ ಮಾಂಸದ ಅಡಿಗೆಗಳ ಸಮೇತ ಬರುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಪಾಕಶಾಸ್ತ್ರವನ್ನು ಪದ್ಯದಲ್ಲಿ ಹೇಳಿದ ಭಾಷೆ ನಮ್ಮದು.

ಆದರೆ ಇವೆಲ್ಲ ಅರಮನೆಯ, ಉಳ್ಳವರ ಊಟ. ರೊಟ್ಟಿ ತಟ್ಟಿದ ಕೈಗಳನ್ನು ಹುಡುಕಬೇಕೆಂದರೆ 12ನೇ ಶತಮಾನದ ಶರಣೆಯರ ಹೆಸರುಗಳನ್ನು ನೋಡಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ಆಯ್ದಕ್ಕಿ ಲಕ್ಕಮ್ಮ, ಕಾಳು ಕುಟ್ಟಿ ಬದುಕಿದ ಕೊಟ್ಟಣದ ಸೋಮಮ್ಮ. ಅವರ ಹೆಸರಿಗೇ ಅವರ ಕೆಲಸ ಅಂಟಿಕೊಂಡಿದೆ. 1884ರಲ್ಲಿ ಅಚ್ಚಾದ ಮುಂಬಯಿ ಸರಕಾರದ ಬೆಳಗಾವಿ ಗೆಜೆಟಿಯರ್‌ನಲ್ಲಿ ಜಾತಿ ಜಾತಿಗೂ ಏನು ಉಣ್ಣುತ್ತಾರೆ ಎಂದು ಬರೆದಿದ್ದಾರೆ. ಅದು ಉಪಯೋಗದ ಪುಸ್ತಕ, ಆದರೆ ಆಳುವವರು ಹೊರಗಿನಿಂದ ನೋಡಿ ಬರೆದದ್ದು. ಉಣ್ಣುವವರು ತಾವೇ ಬರೆದರೆ ಬೇರೆ ಕತೆ ಹೊರಬರುತ್ತದೆ. ಮರಾಠಿಯಲ್ಲಿ ಶಾಹು ಪಾಟೋಳೆ ಅವರು ಮರಾಠವಾಡದ ದಲಿತರ ಅಡಿಗೆಯ ಬಗ್ಗೆ 2015ರಲ್ಲಿ ಒಂದು ಪುಸ್ತಕ ತಂದರು. 'ಅನ್ನ ಪೂರ್ಣಬ್ರಹ್ಮ' ಎಂಬ ಮಾತನ್ನು ತಿರುಗಿಸಿ ಅದಕ್ಕೆ 'ಅನ್ನ ಹೇ ಅಪೂರ್ಣಬ್ರಹ್ಮ' ಎಂದು ಹೆಸರಿಟ್ಟರು. ಯಾರ ಅನ್ನವನ್ನು ಬ್ರಹ್ಮ ಎಂದರು, ಯಾರ ಅನ್ನವನ್ನು ಹೊರಗಿಟ್ಟರು ಎಂದು ಆ ಹೆಸರೇ ಕೇಳುತ್ತದೆ. ಗೋಕಾಕದ ಊಟದ ಚರಿತ್ರೆಯನ್ನು ಕರದಂಟಿಗೆ ನಿಲ್ಲಿಸಿದರೆ ನಾವೂ ಅದೇ ತಪ್ಪು ಮಾಡಿದಂತೆ. ಅಂಬಲಿ, ನುಚ್ಚು, ಒಣಮೀನು, ಹಬ್ಬದ ಮಾಂಸ, ಉಳಿದ ರೊಟ್ಟಿಯ ಮುಟಗಿ ಎಲ್ಲವೂ ಅದರೊಳಗೆ ಬರಬೇಕು.

ಕೂಟ ಏನು ಮಾಡಬಹುದು?

ಇದಕ್ಕೆ ವಿಶ್ವವಿದ್ಯಾಲಯವೇ ಬೇಕೆಂದಿಲ್ಲ. ಭಾರತದ ಆಹಾರದ ಚರಿತ್ರೆಗೆ ಅಡಿಪಾಯ ಹಾಕಿದ ಕೆ.ಟಿ. ಅಚ್ಚಯ್ಯ ನಮ್ಮ ರಾಜ್ಯದ ಕೊಳ್ಳೇಗಾಲದಲ್ಲಿ 1923ರಲ್ಲಿ ಹುಟ್ಟಿದವರು. ವೃತ್ತಿಯಿಂದ ಅವರು ಎಣ್ಣೆಕಾಳುಗಳ ರಸಾಯನ ವಿಜ್ಞಾನಿ. ಅವರ ದೊಡ್ಡ ಗ್ರಂಥ ಬಂದದ್ದು 1994ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ.

ಅಮೆರಿಕದ ಬೋಸ್ಟನ್ ನಗರದಲ್ಲಿ 1980ರಲ್ಲಿ ಅಡಿಗೆ ಚರಿತ್ರೆಯ ಒಂದು ಕೂಟ ಶುರುವಾಯಿತು. ಮೂರು ವರ್ಷದ ಬಳಿಕ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರಿನಲ್ಲೂ ಒಂದು ಹುಟ್ಟಿತು. ವಿದ್ವಾಂಸರು, ಗೃಹಿಣಿಯರು, ಅಡಿಗೆಯವರು, ಪುಸ್ತಕ ಮಾರುವವರು ಕೂಡಿ ಕೂರುವ ಕೂಟಗಳಿವು. ಆ್ಯನ್ ಆರ್ಬರ್ ಕೂಟದ ಹಿಂದಿದ್ದ ಜಾನ್ ಲಾಂಗೋನ್ ಹಳೆಯ ಅಡಿಗೆ ಪುಸ್ತಕಗಳನ್ನು ಹುಡುಕಿ ಮಾರುತ್ತಿದ್ದ ಮಹಿಳೆ. ಅವರ ಕೈಗೆ ಸುಮಾರು 40 ಪುಟದ ಒಂದು ಸಣ್ಣ ಪುಸ್ತಕ ಸಿಕ್ಕಿತು. 1866ರಲ್ಲಿ ಮಲಿಂಡಾ ರಸೆಲ್ ಎಂಬ ಕಪ್ಪು ಮಹಿಳೆ ಅಚ್ಚು ಹಾಕಿಸಿದ ಅಡಿಗೆ ಪುಸ್ತಕ ಅದು. ಆಫ್ರಿಕನ್ ಅಮೆರಿಕನ್ ಮಹಿಳೆಯೊಬ್ಬರು ಬರೆದ ಅಡಿಗೆ ಪುಸ್ತಕಗಳಲ್ಲಿ ಇದುವರೆಗೆ ತಿಳಿದಿರುವ ಅತಿ ಹಳೆಯದು ಅದೇ. ಯಾರದೋ ಅಟ್ಟದಲ್ಲಿ, ರದ್ದಿಯಲ್ಲಿ ಹೋಗಬಹುದಾಗಿದ್ದ ಪುಸ್ತಕ ಒಂದು ಸಮುದಾಯದ ಚರಿತ್ರೆಯನ್ನೇ ತಿದ್ದಿತು. ಅದನ್ನು ಗುರುತಿಸುವ ಕಣ್ಣು ಊರಲ್ಲಿ ಇದ್ದುದರಿಂದ ಇದು ಸಾಧ್ಯವಾಯಿತು.

ನಮ್ಮಲ್ಲಿ ಅಂಥ ಪುಸ್ತಕಗಳು ಕಡಿಮೆ, ಅಂಥ ಬಾಯಿಗಳು ಹೆಚ್ಚು. ಆದ್ದರಿಂದ ಗೋಕಾಕದ ಕೂಟದ ಮೊದಲ ಕೆಲಸ ಕೇಳಿಸಿಕೊಳ್ಳುವುದು. 'ಆಯಿ, ನಿಮ್ಮ ಮನ್ಯಾಗ ಹಗೇವು ಎಲ್ಲಿತ್ತರಿ? ಕಡೀಕ ತುಂಬಿದ್ದು ಯಾವಾಗ?' ಎಂದು ಕೇಳಿ, ಫೋನಿನಲ್ಲೇ ರೆಕಾರ್ಡ್ ಮಾಡಬಹುದು. ಹಗೇವು ಇಳಿದು ಕಾಳು ತೆಗೆದ ಕೈಗಳು ಈಗ ಎಂಬತ್ತರ ಆಸುಪಾಸಿನಲ್ಲಿವೆ. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷಗಳಿಲ್ಲ.

ಎರಡನೆಯದು ಕಾಗದ. ಕಿರಾಣಿ ಅಂಗಡಿಗಳ ಹಳೆಯ ಖಾತೆ ಪುಸ್ತಕ, ಮದುವೆಯ ಖರ್ಚಿನ ಪಟ್ಟಿ, ಮಠದ ದಾಸೋಹದ ಲೆಕ್ಕ, ಗಿರಣಿ ಕಾರ್ಮಿಕರ ಮನೆಯ ಪಗಾರ ಚೀಟಿ. ಯಾವ ವರ್ಷದ ಖಾತೆಯಲ್ಲಿ ಗೋಡಂಬಿ ಮೊದಲು ಕಾಣುತ್ತದೆ, ಯಾವ ವರ್ಷದಿಂದ ಕುಸುಬಿ ಎಣ್ಣೆ ಕಾಣೆಯಾಗುತ್ತದೆ ಎಂದು ನೋಡಿದರೆ ಅದೇ ಚರಿತ್ರೆ.

ಮೂರನೆಯದು ಬೀಜ ಮತ್ತು ಹಬ್ಬ. ಸಂಕ್ರಮಣದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗಿನ ಕಡಬು, ಪುಂಡಿಪಲ್ಯ, ಬದನಿಕಾಯಿ ಎಣ್ಣಿಗಾಯಿ. ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿಯೇ ಒಂದು ದೊಡ್ಡ ಪಾಠ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು. ಅಂದರೆ ಪಂಪನಾಗಲಿ ಆಯ್ದಕ್ಕಿ ಲಕ್ಕಮ್ಮನಾಗಲಿ ಶೇಂಗಾ ಹಿಂಡಿಯನ್ನೂ ಕೆಂಪು ಚಟ್ನಿಯನ್ನೂ ನೋಡಿದವರಲ್ಲ. ಜೋಳವೂ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದೇ. ನಾವು ಅಪ್ಪಟ ದೇಸಿ ಎಂದು ತಿನ್ನುವ ರೊಟ್ಟಿ, ಹಿಂಡಿ, ಚಟ್ನಿಯ ತಟ್ಟೆಯಲ್ಲಿ ಎರಡು ಖಂಡಗಳಿವೆ.

ಇದನ್ನು ತಿಳಿದರೆ ಹೆಮ್ಮೆ ಕಡಿಮೆಯಾಗಬೇಕಿಲ್ಲ. ಬಂದದ್ದನ್ನು ಬರಮಾಡಿಕೊಂಡು, ನಮ್ಮ ನೆಲಕ್ಕೆ ಒಗ್ಗಿಸಿ, ನಮ್ಮ ಹದಕ್ಕೆ ತಂದವರು ನಮ್ಮ ಹಿರಿಯರು. ಅಂಟು ಕಾಡಿನದು, ಗೋಡಂಬಿ ಕಡಲಾಚೆಯದು, ಉತ್ತತ್ತಿ ಅರಬರದು. ಗೋಕಾಕದ್ದು ಯಾವುದು ಎಂದು ಮೊದಲಲ್ಲಿ ಕೇಳಿದ್ದೆವು. ಗೋಕಾಕದ್ದು ಪಾಕದ ಹದ. ಆ ಹದ ಕೈಯಿಂದ ಕೈಗೆ ದಾಟುವಂಥದ್ದು, ದಾಟಿಸುವವರು ನಿಂತರೆ ಅದೂ ನಿಲ್ಲುತ್ತದೆ.

ಕೂಟ ಕಟ್ಟಲು ಕಟ್ಟಡ ಬೇಡ. ಊರಿನ ಗ್ರಂಥಾಲಯದ ಒಂದು ಕೋಣೆ, ತಿಂಗಳಿಗೊಂದು ರವಿವಾರ, ಹತ್ತು ಜನ, ಒಂದು ನೋಟ್‌ಬುಕ್ ಸಾಕು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರು ಯಾರೇ ಶುರು ಮಾಡಿದರೂ ಬರೆದುಕೊಳ್ಳಲು ನಾವು ಬರುತ್ತೇವೆ. ಬುತ್ತಿ ಮಾತ್ರ ಅವರವರ ಮನೆಯಿಂದಲೇ ತರಬೇಕು. ಮೊದಲ ಪಾಠ ಅದರಿಂದಲೇ ಶುರುವಾಗಲಿ.